ಉತ್ತರ ಬಾರದ ದಿನಗಳಲ್ಲಿ ನಂಬಿಕೆ: ಓದುಗರ ಪತ್ರಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿದ್ದವು. ಪ್ರಾರ್ಥಿಸಿದ್ದೇವೆ, ಕಾದಿದ್ದೇವೆ, ಏನೂ ಆಗಿಲ್ಲ. ಈಗ ದೇವರನ್ನು ಹೇಗೆ ನಂಬುವುದು? ಉಳಿದ ವಿಷಯಗಳನ್ನು ಬದಿಗಿಟ್ಟು ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ. ಬರೆದವರ ಗುರುತು ಸಿಗಬಾರದೆಂದು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ದೇವಶಾಸ್ತ್ರ ಓದಿದವಳಲ್ಲ. ನಿವೃತ್ತಿಯಾಗುವವರೆಗೂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನನ್ನ ಯಜಮಾನರು ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಅವರು ಗುಣವಾಗಲಿ ಎಂದು ನಾವು ವರ್ಷಗಟ್ಟಲೆ ಪ್ರಾರ್ಥಿಸಿದ್ದೆವು. ನಾನು ಬರೆಯುವುದೆಲ್ಲ ವಾರ್ಡಿನಲ್ಲಿ ಕಂಡದ್ದು, ಮನೆಯಲ್ಲಿ ಅನುಭವಿಸಿದ್ದು ಮತ್ತು ಬೈಬಲ್‌ನಲ್ಲಿ ಓದಿದ್ದು.

ಪ್ರಶ್ನೆ: ಅಕ್ಕ, ನನ್ನ ಗಂಡನಿಗೆ ಕೆಲಸ ಹೋಗಿ ಒಂದು ವರ್ಷವಾಗುತ್ತಾ ಬಂತು. ಆ ಕೆಲಸ ಸಿಕ್ಕಾಗ, ಇದು ದೇವರೇ ಕೊಟ್ಟದ್ದು ಎಂದು ಸಭೆಯಲ್ಲಿ ನಿಂತು ಸಾಕ್ಷಿ ಹೇಳಿದ್ದೆವು. ಈಗ ಉಪವಾಸ ಪ್ರಾರ್ಥನೆ ಮಾಡಿದರೂ ಬಾಗಿಲು ತೆರೆಯುತ್ತಿಲ್ಲ. ನಮ್ಮ ಸಭೆಯ ಹಿರಿಯರೊಬ್ಬರು, "ನಿಮ್ಮ ಮನೆಯಲ್ಲಿ ಮುಚ್ಚಿಟ್ಟ ಪಾಪ ಏನೋ ಇರಬೇಕು, ಹುಡುಕಿ ನೋಡಿ" ಎಂದರು. ಅಂದಿನಿಂದ ನನಗೆ ನಿದ್ದೆ ಇಲ್ಲ. ಹಳೆಯದನ್ನೆಲ್ಲ ಕೆದಕುತ್ತಾ ಕೂರುತ್ತೇನೆ. ದೇವರೇ ಕೊಟ್ಟ ಕೆಲಸವಾಗಿದ್ದರೆ ಯಾಕೆ ಹೋಯಿತು?

ಉತ್ತರ: ತಂಗಿ, ಮೊದಲು ಆ ಹುಡುಕಾಟ ನಿಲ್ಲಿಸು. ಇವತ್ತೇ ನಿಲ್ಲಿಸು. ನಿನ್ನ ಮನಸ್ಸಿಗೆ ಸ್ಪಷ್ಟವಾಗಿ ಗೊತ್ತಿರುವ ತಪ್ಪು ಏನಾದರೂ ಇದ್ದರೆ ಅದನ್ನು ದೇವರ ಮುಂದೆ ಒಪ್ಪಿಕೋ. ಯಾರಿಗಾದರೂ ಅನ್ಯಾಯವಾಗಿದ್ದರೆ ಸರಿಮಾಡು. ಅಲ್ಲಿಗೆ ಅದು ಮುಗಿಯಿತು. ನಾವು ಪಾಪಗಳನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎಂದು ಯೋಹಾನನ ಮೊದಲ ಪತ್ರಿಕೆ ಹೇಳುತ್ತದೆ. ಒಪ್ಪಿಕೊಂಡ ಮೇಲೂ ಇನ್ನೇನೋ ಉಳಿದಿರಬೇಕು ಎಂದು ರಾತ್ರಿಯೆಲ್ಲ ಕೆದಕು ಎಂದು ಅಲ್ಲಿ ಬರೆದಿಲ್ಲ. ತಪ್ಪು ತೋರಿಸಬೇಕೆಂದಾಗ ದೇವರು ನೇರವಾಗಿಯೇ ತೋರಿಸುತ್ತಾನೆ. ಅರಸ ದಾವೀದ ತಪ್ಪು ಮಾಡಿದಾಗ ಅವನ ಬಳಿಗೆ ಪ್ರವಾದಿ ನಾತಾನನನ್ನು ಕಳಿಸಿ, ಆ ಮನುಷ್ಯನು ನೀನೇ ಎಂದು ಹೇಳಿಸಿದನು. ಕೆಲಸ ಕಿತ್ತುಕೊಂಡು, ಯಾಕೆಂದು ನೀನೇ ಕಂಡುಹಿಡಿ ಎಂದು ಕತ್ತಲಲ್ಲಿ ಬಿಡಲಿಲ್ಲ.

ಆ ಹಿರಿಯರು ಹೇಳಿದ ಮಾತು ಹೊಸದಲ್ಲ. ಹುಟ್ಟುಕುರುಡನೊಬ್ಬನನ್ನು ನೋಡಿ ಶಿಷ್ಯರೇ ಯೇಸುವನ್ನು ಕೇಳಿದರು: ಇವನು ಪಾಪ ಮಾಡಿದನೋ, ಇವನ ತಂದೆತಾಯಿ ಮಾಡಿದರೋ? ಎರಡೂ ಅಲ್ಲ ಎಂದನು ಯೇಸು. ಯೋಹಾನ 9ನೇ ಅಧ್ಯಾಯ ಓದು. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತ ವಿಷಯದಲ್ಲೂ ಅಷ್ಟೇ. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದನು. ಅದು ಲೂಕ 13ರಲ್ಲಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರಂತೂ ಅಧ್ಯಾಯಗಟ್ಟಲೆ ಇದನ್ನೇ ವಾದಿಸಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆ. ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಮಾತಾಡಲಿಲ್ಲ ಎಂದನು. ಅಳುತ್ತಾ, ಕೂಗುತ್ತಾ, ದೇವರೊಂದಿಗೆ ವಾದಿಸಿದ ಯೋಬ ಸರಿ. ದೇವರ ಪರವಾಗಿ ಮಾತಾಡುತ್ತೇವೆ ಎಂದುಕೊಂಡವರು ತಪ್ಪು. ನೊಂದವರ ಮನೆಗೆ ಹೋಗುವ ಮುಂಚೆ ನಾವೆಲ್ಲ ಒಮ್ಮೆ ಓದಬೇಕಾದ ಭಾಗ ಇದು.

ನನ್ನ ಯಜಮಾನರು ಡಯಾಲಿಸಿಸ್‌ನಲ್ಲಿದ್ದಾಗ ನಮ್ಮ ಮನೆಗೂ ಇಂಥ ಮಾತು ಬಂತು. ಬಂದವರು ಪ್ರಾರ್ಥಿಸಿ, ಹೊರಡುವಾಗ ಬಾಗಿಲ ಬಳಿ ನನ್ನನ್ನು ನಿಲ್ಲಿಸಿಕೊಂಡು, "ಇವರ ನಂಬಿಕೆಗೆ ಏನೋ ತಡೆ ಇದೆ" ಎಂದರು. ಒಳಗೆ ಮಲಗಿದ್ದವರಿಗೆ ಅದು ಕೇಳಿಸಿತು. ಅವರು ಆ ದಿನ ರಾತ್ರಿ ನನ್ನನ್ನು ಕೇಳಿದ್ದು ಒಂದೇ: "ನಾನು ಇನ್ನೂ ಎಷ್ಟು ಜಾಸ್ತಿ ನಂಬಬೇಕು?" ಸೂಜಿ ಚುಚ್ಚಿ ಚುಚ್ಚಿ ಊದಿಕೊಂಡ ಕೈಯನ್ನು ಚಾಚಿ ದಿನವೂ ಸ್ತೋತ್ರ ಹೇಳುತ್ತಿದ್ದ ಮನುಷ್ಯನ ಬಾಯಲ್ಲಿ ಆ ಪ್ರಶ್ನೆ ಬಂತು. ಇವತ್ತಿಗೂ ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಕಾಯಿಲೆಯ ಭಾರವೇ ಸಾಕಾಗಿತ್ತು. ಅದರ ಮೇಲೆ ಇದನ್ನೂ ಹೊರಿಸಿ ಹೋದರು.

ಇನ್ನು ನಿನ್ನ ಎರಡನೆಯ ಪ್ರಶ್ನೆ. ದೇವರು ಕೊಟ್ಟದ್ದು ಹೋಗಬಹುದೇ? ಪ್ರವಾದಿ ಎಲೀಯನನ್ನು ನೆನಪಿಸಿಕೋ. ಕೆರೀತ್ ಹಳ್ಳದ ಹತ್ತಿರ ಹೋಗಿರು ಎಂದು ಹೇಳಿದ್ದು ದೇವರೇ. ಕಾಗೆಗಳಿಂದ ಆಹಾರ ಕಳಿಸಿದ್ದೂ ದೇವರೇ. ಆಮೇಲೆ ಏನಾಯಿತು? ಹಳ್ಳ ಬತ್ತಿಹೋಯಿತು. 1 ಅರಸುಗಳು 17ರಲ್ಲಿ ಕಾರಣವೂ ಇದೆ: ದೇಶದಲ್ಲಿ ಮಳೆ ಇರಲಿಲ್ಲ. ಅಷ್ಟೇ. ಎಲೀಯ ತಪ್ಪು ಮಾಡಿದ್ದರಿಂದಲ್ಲ, ಜಾಗ ತಪ್ಪಿ ಬಂದದ್ದರಿಂದಲೂ ಅಲ್ಲ. ಎಲ್ಲರಿಗೂ ಬಂದ ಬರ ಪ್ರವಾದಿಗೂ ಬಂತು. ಕೆಲಸ ಕೊಡುವ ಕಡೆ ಆದಾಯ ಇಳಿದಾಗ ಜನರನ್ನು ತೆಗೆಯುತ್ತಾರೆ. ಅದರಲ್ಲಿ ವಿಶ್ವಾಸಿಯೂ ಇರುತ್ತಾನೆ. ನೀವು ಸಭೆಯಲ್ಲಿ ಹೇಳಿದ ಸಾಕ್ಷಿ ಸುಳ್ಳಾಗಲಿಲ್ಲ, ತಂಗಿ. ಆ ಹಳ್ಳದಲ್ಲಿ ನೀರಿದ್ದಷ್ಟು ದಿನ ಅದು ದೇವರು ಕೊಟ್ಟ ನೀರೇ.

ಮುಂದಿನದನ್ನೂ ಗಮನಿಸು. ಹಳ್ಳ ಬತ್ತಿದ ಮೇಲೆ ದೇವರು ಎಲೀಯನನ್ನು ಕಳಿಸಿದ್ದು ಚಾರೆಪ್ತದ ವಿಧವೆಯ ಮನೆಗೆ. ಅವಳ ಬಳಿ ಉಳಿದಿದ್ದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಪ್ರವಾದಿ ಅವಳ ಹತ್ತಿರ ಕೈಚಾಚಿ ಕೇಳಬೇಕಾಯಿತು. ನಮಗೆ ಇದು ಕಷ್ಟ. ದೇವರು ಯಾರ ಕಣ್ಣಿಗೂ ಬೀಳದಂತೆ, ಸುಮ್ನೆ ನಮ್ಮ ಖಾತೆಗೆ ಹಣ ಹಾಕಿಬಿಡಲಿ ಎಂದು ನಮ್ಮ ಆಸೆ. ಅವನು ಜನರ ಕೈಯಿಂದ ಕೊಡುತ್ತಾನೆ. ಆದ್ದರಿಂದ ನಿಮ್ಮ ಸ್ಥಿತಿಯನ್ನು ಸಭಾಪಾಲಕರಿಗೆ ಸರಿಯಾಗಿ ತಿಳಿಸಿ. "ಪ್ರಾರ್ಥಿಸಿ" ಎಂದಷ್ಟೇ ಹೇಳಿ ಬರಬೇಡಿ. ಬಾಡಿಗೆ ಎಷ್ಟು ಬಾಕಿ ಇದೆ, ಮಕ್ಕಳ ಫೀಸು ಯಾವಾಗ ಕಟ್ಟಬೇಕು, ನಿನ್ನ ಗಂಡನಿಗೆ ಯಾವ ಯಾವ ಕೆಲಸ ಬರುತ್ತದೆ, ಇದನ್ನೆಲ್ಲ ಹೇಳಿ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಭಾರ ಎಷ್ಟೆಂದು ಗೊತ್ತಾಗದೆ ಹೊರುವುದು ಹೇಗೆ?

ನಿನ್ನ ಗಂಡನ ಬಗ್ಗೆ ಒಂದು ಮಾತು. ನೀನು ಪತ್ರದಲ್ಲಿ ಅವರ ಕೆಲಸದ ಬಗ್ಗೆ ಬರೆದಿದ್ದೀಯ, ಅವರು ಹೇಗಿದ್ದಾರೆ ಎಂದು ಬರೆದಿಲ್ಲ. ಕೆಲಸವಿಲ್ಲದ ಗಂಡಸು ದಿನಾ ಸಂಜೆ ಪ್ರಾರ್ಥನೆಯಲ್ಲಿ "ಇವರಿಗೆ ಕೆಲಸ ಕೊಡು" ಎಂಬ ಮಾತನ್ನೇ ಕೇಳುತ್ತಿದ್ದರೆ ಅವನಿಗೆ ತಾನೇ ಮನೆಯ ಸಮಸ್ಯೆ ಎನಿಸಬಹುದು. ಕೆಲವು ದಿನ ಅವರಿಗಾಗಿ ಸ್ತೋತ್ರ ಮಾತ್ರ ಹೇಳು. ಅವರ ಕಿವಿಗೆ ಬೀಳುವಂತೆ ಹೇಳು.

ಪ್ರಶ್ನೆ: ಗೆಳೆಯನೊಬ್ಬ ಯೆರೆಮೀಯ 29:11ನೇ ವಚನವನ್ನು ಫ್ರೇಮ್ ಹಾಕಿಸಿ ಕೊಟ್ಟಿದ್ದ. ದೇವರ ಆಲೋಚನೆಗಳು ಹಿತಕ್ಕಾಗಿ, ಕೇಡಿಗಲ್ಲ, ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತಾನೆ ಎಂಬ ವಚನ. ಅದನ್ನು ಹಿಡಿದು ಪ್ರಾರ್ಥಿಸಿದೆ. ಆದರೆ ಓದು ಅರ್ಧಕ್ಕೆ ನಿಂತಿತು, ನಿಶ್ಚಯವಾಗಿದ್ದ ಮದುವೆ ಮುರಿಯಿತು. ಈಗ ಆ ಫ್ರೇಮ್ ನೋಡಿದರೆ ಸಿಟ್ಟು ಬರುತ್ತದೆ. ಈ ವಚನ ನನಗೆ ಅಲ್ವಾ?

ಉತ್ತರ: ತಮ್ಮಾ, ಫ್ರೇಮನ್ನು ಗೋಡೆಯಿಂದ ಇಳಿಸಿಡು, ಪರವಾಗಿಲ್ಲ. ಬದಲಿಗೆ ಆ ಇಡೀ ಅಧ್ಯಾಯವನ್ನೂ ಅದರ ಹಿಂದಿನ 28ನೇ ಅಧ್ಯಾಯವನ್ನೂ ಒಟ್ಟಿಗೆ ಓದು.

ಅದು ಒಂದು ಪತ್ರ. ಯೆರೂಸಲೇಮಿನಿಂದ ಯೆರೆಮೀಯ ಬರೆದದ್ದು. ಓದಿದವರು ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರು. ಮನೆ, ದೇವಾಲಯ, ಎಲ್ಲವನ್ನೂ ಬಿಟ್ಟು ಹೋದ ಜನ. ಅದೇ ಹೊತ್ತಿಗೆ ಹನನ್ಯ ಎಂಬ ಪ್ರವಾದಿ, ಇನ್ನು ಎರಡೇ ವರ್ಷ, ಎಲ್ಲ ವಾಪಸ್ ಬರುತ್ತದೆ ಎಂದು ದೇವರ ಹೆಸರಲ್ಲಿ ಸಾರಿದ. ಜನಕ್ಕೆ ಅದು ಎಷ್ಟು ಹಿತವಾಗಿದ್ದಿರಬೇಕು! ಆದರೆ ಅದು ಸುಳ್ಳು. ಯೆರೆಮೀಯ ಹೇಳಿದ್ದು 70 ವರ್ಷ. ಎಂದರೆ ಆ ಪತ್ರವನ್ನು ಓದಿದ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವುದನ್ನು ನೋಡದೆಯೇ ಸಾಯುತ್ತಾರೆ. ನಿನ್ನ ಫ್ರೇಮಿನಲ್ಲಿರುವ ಮಾತು 11ನೇ ವಚನ. ಈ 70 ವರ್ಷದ ಮಾತು ಅದರ ಮೇಲಿನ 10ನೇ ವಚನದಲ್ಲೇ ಇದೆ.

ಆ ಜನರಿಗೆ ದೇವರು ಏನು ಮಾಡಲು ಹೇಳಿದ? ಮನೆ ಕಟ್ಟಿ ವಾಸಮಾಡಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ನೀವಿರುವ ಪಟ್ಟಣದ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ ಎಂದನು. ಬೇಡವೆಂದರೂ ತಂದು ಬಿಟ್ಟಿದ್ದ ಜಾಗದಲ್ಲಿ ಬದುಕು ಶುರು ಮಾಡಿ ಎಂದನು. ನನಗೆ ಈ ಭಾಗ 11ನೇ ವಚನಕ್ಕಿಂತಲೂ ಹೆಚ್ಚು ಆಧಾರ ಕೊಟ್ಟಿದೆ. ನನ್ನ ಯಜಮಾನರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಕಾಯಿಲೆ ಬಂದ ಮೇಲೆ ಕೆಲಸ ಬಿಡಬೇಕಾಯಿತು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಪಕ್ಕದ ಮನೆಯ ಹುಡುಗನನ್ನು ಕರೆದು ಹಾಸಿಗೆಯ ಮೇಲೇ ಪುಸ್ತಕ ಹರಡಿ ಪಾಠ ಹೇಳತೊಡಗಿದರು. ಗುಣವಾದ ಮೇಲೆ ನೋಡೋಣ ಎನ್ನಲಿಲ್ಲ. ಗುಣವಾಗಲೂ ಇಲ್ಲ. ಹುಡುಗ ಬೀಜಗಣಿತ ಕಲಿತ.

ವಚನ ನಿನಗೂ ಹೌದು. ಅದು ಹೇಳುವ ದೇವರು ಬದಲಾಗಿಲ್ಲ. ತನ್ನ ಜನರ ಬಗ್ಗೆ ಅವನ ಮನಸ್ಸಿನಲ್ಲಿ ಇರುವುದು ಹಿತವೇ. ಆದರೆ ಇಂಥ ಕೋರ್ಸು, ಇಂಥ ಹುಡುಗಿ, ಇಷ್ಟರೊಳಗೆ ಎಂದು ಅದು ಹೇಳಿರಲಿಲ್ಲ. ಆ ಲೆಕ್ಕವನ್ನು ಹಾಕಿದ್ದು ನೀನೋ ನಿನ್ನ ಗೆಳೆಯನೋ. ಮುರಿದ ಮದುವೆಗಾಗಿ ಅಳು, ಅದು ದೊಡ್ಡ ನಷ್ಟವೇ. ಓದನ್ನು ಮುಂದುವರಿಸಲು ಏನು ದಾರಿ ಇದೆ ಎಂದು ಈ ವಾರವೇ ವಿಚಾರಿಸು.

ಪ್ರಶ್ನೆ: ನಮ್ಮ ಮಗ ಆಸ್ಪತ್ರೆಯಲ್ಲಿ ತೀರಿಕೊಂಡ. ಇಡೀ ಸಭೆ ಪ್ರಾರ್ಥಿಸಿತ್ತು. ಪಕ್ಕದ ಹಾಸಿಗೆಯ ಮಗು ಗುಣವಾಗಿ ಮನೆಗೆ ಹೋಯಿತು, ಅವರು ಯಾರೂ ಪ್ರಾರ್ಥಿಸಿದ್ದನ್ನು ನಾನು ನೋಡಲಿಲ್ಲ. "ದೇವರ ಚಿತ್ತ" ಎನ್ನುತ್ತಾರೆ ಎಲ್ಲರೂ. ನನಗೆ ಪ್ರಾರ್ಥಿಸಲು ಆಗುತ್ತಿಲ್ಲ. ಆರಾಧನೆಗೆ ಹೋಗಿ ನಿಲ್ಲುತ್ತೇನೆ, ಹಾಡಲು ಬಾಯಿ ಬರುವುದಿಲ್ಲ. ದೇವರ ಮೇಲೆ ಕೋಪ ಬರುತ್ತದೆ. ನನ್ನ ಹೆಂಡತಿಗೆ ಹೇಳಲು ಭಯ. ನಾನು ನಂಬಿಕೆ ಕಳೆದುಕೊಂಡೆನೇ?

ಉತ್ತರ: ಅಣ್ಣಾ, ನಿಮ್ಮ ಪತ್ರವನ್ನು ಓದಿ ಎಷ್ಟೋ ಹೊತ್ತು ಏನೂ ಬರೆಯಲಾಗಲಿಲ್ಲ. ನಿಮ್ಮ ಮಗು ಯಾಕೆ ಹೋಯಿತು ಎಂಬುದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಉತ್ತರ ಗೊತ್ತು ಎಂದು ಬಂದು ಹೇಳುವವರಲ್ಲೂ ಇಲ್ಲ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯದಲ್ಲಿ ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಪೇತ್ರನನ್ನು ದೇವದೂತನು ಸೆರೆಮನೆಯಿಂದ ಬಿಡಿಸುತ್ತಾನೆ. ಇಬ್ಬರೂ ಯೇಸುವಿನ ಶಿಷ್ಯರು. ಇಬ್ಬರನ್ನೂ ಸಭೆ ಪ್ರೀತಿಸುತ್ತಿತ್ತು. ಒಬ್ಬನು ಉಳಿದ, ಒಬ್ಬನು ಹೋದ, ಯಾಕೆ ಎಂದು ಆ ಪುಸ್ತಕ ಬರೆದ ಲೂಕನು ಒಂದು ಸಾಲೂ ಬರೆಯಲಿಲ್ಲ. ಯಾಕೋಬನ ತಾಯಿಗೆ ಪೇತ್ರ ಬಿಡುಗಡೆಯಾದ ಸುದ್ದಿ ಹೇಗೆ ಕೇಳಿಸಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪಕ್ಕದ ಹಾಸಿಗೆಯ ಮಗು ಮನೆಗೆ ಹೋದದ್ದನ್ನು ನೋಡಿದ ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು.

ಕೋಪದ ವಿಷಯಕ್ಕೆ ಬರುತ್ತೇನೆ. ಲಾಜರನು ಕಾಯಿಲೆ ಬಿದ್ದಾಗ ಅಕ್ಕತಂಗಿಯರು ಯೇಸುವಿಗೆ ಹೇಳಿಕಳಿಸಿದರು. ಯೇಸು ಇದ್ದ ಕಡೆಯೇ ಇನ್ನೂ ಎರಡು ದಿನ ಉಳಿದನು. ಬರುವಷ್ಟರಲ್ಲಿ ಲಾಜರನನ್ನು ಸಮಾಧಿ ಮಾಡಿಯಾಗಿತ್ತು. ಮಾರ್ಥಳು ಊರಾಚೆಯೇ ಎದುರಿಗೆ ಹೋಗಿ, ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದಳು. ಆಮೇಲೆ ಮರಿಯಳು ಬಂದು ಪಾದಕ್ಕೆ ಬಿದ್ದು ಅದೇ ಮಾತನ್ನು ಹೇಳಿದಳು. ಎಲ್ಲಿ ಹೋಗಿದ್ದೆ, ಯಾಕೆ ತಡ ಮಾಡಿದೆ ಎಂಬ ನೋವು ಆ ಮಾತಿನಲ್ಲಿ ಇಲ್ಲವೇ? ಯೇಸು ಅವರನ್ನು ಗದರಿಸಲಿಲ್ಲ. ನಂಬಿಕೆ ಸಾಲದು ಎಂದು ಹೊರಗೆ ನಿಲ್ಲಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುತ್ತೇನೆ ಎಂದು ತಿಳಿದಿದ್ದರೂ ಅವರೊಂದಿಗೆ ಕಣ್ಣೀರು ಹಾಕಿದನು. ನಿಮ್ಮ ಕೋಪವನ್ನೂ ಅವನ ಮುಂದೆಯೇ ಹೇಳಿ. ಬೆನ್ನ ಹಿಂದೆ ಹೇಳಬೇಡಿ, ಎದುರಿಗೇ ಹೇಳಿ. ಎದುರಿಗೆ ಹೇಳುವವನು ಇನ್ನೂ ಅವನನ್ನು ಬಿಟ್ಟುಹೋಗಿಲ್ಲ.

ಮಾತು ಸಿಗದಿದ್ದರೆ 88ನೇ ಕೀರ್ತನೆ ತೆಗೆಯಿರಿ. ಸಭೆಯಲ್ಲಿ ಅದನ್ನು ಓದುವುದು ಅಪರೂಪ. ಎಷ್ಟೋ ಕೀರ್ತನೆಗಳು ಅಳುವಿನಲ್ಲಿ ಶುರುವಾಗಿ ಸ್ತುತಿಯಲ್ಲಿ ಮುಗಿಯುತ್ತವೆ. 13ನೇ ಕೀರ್ತನೆ ಹಾಗೆ. ಎಷ್ಟರವರೆಗೆ, ಎಷ್ಟರವರೆಗೆ ಎಂದು ಮತ್ತೆ ಮತ್ತೆ ಕೂಗಿ, ಕೊನೆಗೆ ಹಾಡುತ್ತೇನೆ ಎನ್ನುತ್ತದೆ. 88 ಹಾಗಲ್ಲ. ಕತ್ತಲೆಯಲ್ಲೇ ನಿಂತುಬಿಡುತ್ತದೆ. ಯಾಕೆ ನನ್ನನ್ನು ತಳ್ಳಿಬಿಟ್ಟೆ, ಯಾಕೆ ಮುಖ ಮರೆಮಾಡುತ್ತೀ ಎಂದು ಕೇಳಿ, ಉತ್ತರವಿಲ್ಲದೆ ಮುಗಿಯುತ್ತದೆ. ಆದರೂ ಅದರ ಮೊದಲ ಮಾತಿನಲ್ಲಿ ಕೀರ್ತನೆಗಾರನು ದೇವರನ್ನು ನನ್ನನ್ನು ರಕ್ಷಿಸುವ ದೇವರೇ ಎಂದೇ ಕರೆಯುತ್ತಾನೆ. ಇಂಥ ಪ್ರಾರ್ಥನೆಯನ್ನು ದೇವರು ತನ್ನ ಪುಸ್ತಕದಿಂದ ತೆಗೆದುಹಾಕಿಸಲಿಲ್ಲ. ನನ್ನ ಯಜಮಾನರು ಹೋದ ಮೇಲೆ ಈ ಕೀರ್ತನೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಂಡೆ. ದಿನಕ್ಕೆ ಒಂದೆರಡು ವಚನ. ಸ್ವಂತ ಪ್ರಾರ್ಥನೆ ಬಾರದ ಆ ತಿಂಗಳುಗಳಲ್ಲಿ ಆ ಬರಹವೇ ನನ್ನ ಪ್ರಾರ್ಥನೆ ಆಗಿತ್ತು.

ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಒಂದು ಕೀರ್ತನೆಯ ಸಾಲನ್ನೇ, 22ನೆಯದು: ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ನಮ್ಮ ನಂಬಿಕೆಯೆಲ್ಲ ನಿಂತಿರುವುದು ಆ ಕೂಗು ಕೂಗಿದವನ ಮೇಲೆ. ಮೂರನೆಯ ದಿನ ತಂದೆಯು ಅವನನ್ನು ಎಬ್ಬಿಸಿದನು. ನಿಮ್ಮ ಮಗುವಿನ ವಿಷಯದಲ್ಲಿ ನನಗಿರುವ ಭರವಸೆ ಅದೊಂದೇ, ಅದನ್ನು ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ. ಥೆಸಲೋನಿಕದವರಿಗೆ ಬರೆಯುವಾಗ ಅಪೊಸ್ತಲ ಪೌಲನು ದುಃಖಿಸಲೇಬೇಡಿ ಎನ್ನಲಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದನು. ನಿರೀಕ್ಷೆ ಇರುವವರೂ ದುಃಖಿಸುತ್ತಾರೆ. ಚೆನ್ನಾಗಿಯೇ ದುಃಖಿಸುತ್ತಾರೆ.

ಹಾಡಲಾಗದಿದ್ದರೆ ಹಾಡಬೇಡಿ. ಮುರಿದ ಕೈಯಿಂದ ಭಾರ ಎತ್ತು ಎಂದು ವಾರ್ಡಿನಲ್ಲಿ ನಾವು ಯಾರಿಗೂ ಹೇಳುತ್ತಿರಲಿಲ್ಲ. ಸುತ್ತಲಿನವರು ಹಾಡುತ್ತಾರೆ, ನೀವು ಅವರ ನಡುವೆ ನಿಂತಿರಿ. ಕೂತರೂ ಆಯಿತು. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ. ನಿಮ್ಮ ಪ್ರಾರ್ಥನೆ ನಿಂತಿಲ್ಲ, ಅಣ್ಣಾ. ನಿಮ್ಮ ಪರವಾಗಿ ನಡೆಯುತ್ತಲೇ ಇದೆ.

ಹೆಂಡತಿಗೆ ಹೇಳಿ. ಅವರೂ ಇದೇ ಭಯದಿಂದ ನಿಮ್ಮ ಮುಂದೆ ಗಟ್ಟಿಯಾಗಿರುವ ಹಾಗೆ ನಡೆದುಕೊಳ್ಳುತ್ತಿರಬಹುದು. ಎಷ್ಟೋ ದಂಪತಿಗಳನ್ನು ನೋಡಿದ್ದೇನೆ. ಒಬ್ಬರು ಬಾತ್‌ರೂಮಿನಲ್ಲಿ ಅಳುತ್ತಾರೆ, ಇನ್ನೊಬ್ಬರು ಹೊರಗೆ ಹೋಗಿ ಗಾಡಿಯಲ್ಲಿ ಕೂತು ಅಳುತ್ತಾರೆ. ಮಗುವಿನ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಇನ್ನೊಂದು ವಿಷಯ, ನರ್ಸ್ ಆಗಿ ಹೇಳುತ್ತೇನೆ. ವಾರಗಟ್ಟಲೆ ನಿದ್ದೆ ಊಟ ಸರಿ ಇಲ್ಲದಿದ್ದರೆ ಡಾಕ್ಟರನ್ನು ನೋಡಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಕಾಯಬೇಡಿ, ಅದೇ ಗಳಿಗೆಯಲ್ಲಿ ಯಾರಿಗಾದರೂ ಹೇಳಿ, ಅದೇ ದಿನ ಡಾಕ್ಟರ ಬಳಿ ಹೋಗಿ. ಎಲೀಯನೂ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆ ಎಂದಿದ್ದ. ದೇವರು ಮೊದಲು ಮಾಡಿದ್ದು ಅವನಿಗೆ ಊಟ, ನೀರು ಕೊಟ್ಟದ್ದು. ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಮತ್ತೆ ಊಟ ಕೊಟ್ಟದ್ದು. ಮಾತುಕತೆ ಆಮೇಲೆ.

ಪ್ರಶ್ನೆ: ಪೂರ್ತಿ ನಂಬಿಕೆ ಇದ್ದರೆ ಔಷಧಿ, ವಿಮೆ ಇವೆಲ್ಲ ಯಾಕೆ ಬೇಕು ಎನ್ನುತ್ತಾರೆ ನನ್ನ ಅತ್ತಿಗೆ. ಬಿಪಿ ಮಾತ್ರೆಯನ್ನೂ ನಿಲ್ಲಿಸಿದ್ದಾರೆ. ಏನು ಹೇಳಲಿ?

ಉತ್ತರ: ಮಾತ್ರೆಯನ್ನು ಇವತ್ತೇ ಮತ್ತೆ ಶುರು ಮಾಡುವ ಬಗ್ಗೆ ಅವರ ಡಾಕ್ಟರನ್ನು ಕೇಳಲು ಹೇಳಿ. ಬಿಪಿ ಏರಿದ್ದು ಗೊತ್ತಾಗುವುದಿಲ್ಲ, ಪಾರ್ಶ್ವವಾಯು ಬಡಿದ ಮೇಲೆಯೇ ಗೊತ್ತಾಗುವುದುಂಟು. ಹಾಗೆ ಬಂದವರನ್ನು ನಾನು ನೋಡಿಕೊಂಡಿದ್ದೇನೆ.

ಹಿಜ್ಕೀಯ ಅರಸನಿಗೆ ಗುಣವಾಗುತ್ತದೆಂದು ದೇವರು ಮಾತು ಕೊಟ್ಟ ಮೇಲೆಯೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದನು. ಪೌಲನ ಜೊತೆಗಾರ ಲೂಕ ವೈದ್ಯ. ಹೊಟ್ಟೆಯ ತೊಂದರೆಗೆ ಏನು ತೆಗೆದುಕೊಳ್ಳಬೇಕೆಂದು ಪೌಲನು ತಿಮೊಥೆಯನಿಗೆ ಬರೆದು ತಿಳಿಸಿದನು. ಅದೇ ಪೌಲನು ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದನು. ಇವರಿಗೆಲ್ಲ ನಂಬಿಕೆ ಕಡಿಮೆ ಇತ್ತು ಎಂದು ನಿಮ್ಮ ಅತ್ತಿಗೆ ಹೇಳಲಾರರು. ವಿಮೆಯ ಬಗ್ಗೆ ನೆಹೆಮೀಯನ ಪುಸ್ತಕದ 4ನೇ ಅಧ್ಯಾಯ ತೋರಿಸಿ. ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದವರು ಶತ್ರುಗಳ ಬೆದರಿಕೆ ಬಂದಾಗ ಪ್ರಾರ್ಥಿಸಿದರು, ಹಗಲಿರುಳು ಕಾವಲನ್ನೂ ಇಟ್ಟರು.

ಪ್ರಶ್ನೆ: ಬಯಾಪ್ಸಿ ಮಾಡಿಸಿದ್ದೇನೆ. ಫಲಿತಾಂಶ ಬರಲು ಇನ್ನೂ ದಿನಗಳಿವೆ. ಕೆಟ್ಟ ಸುದ್ದಿ ಬಂದರೂ ತಡೆದುಕೊಂಡೇನು, ಈ ಕಾಯುವುದನ್ನು ತಡೆಯಲಾಗುತ್ತಿಲ್ಲ. ಚಿಂತಿಸಬೇಡಿ ಎಂಬ ಆಜ್ಞೆಯನ್ನು ಮೀರುತ್ತಿದ್ದೇನೆ ಎಂಬ ಚಿಂತೆ ಬೇರೆ.

ಉತ್ತರ: ಆ ಕೊನೆಯ ಚಿಂತೆಯನ್ನು ಮೊದಲು ಕೆಳಗಿಡಿ. ಫಿಲಿಪ್ಪಿಯವರಿಗೆ ಚಿಂತಿಸಬೇಡಿ ಎಂದು ಬರೆದ ಪೌಲನು ಅದೇ ಪತ್ರದಲ್ಲಿ ತನ್ನ ಜೊತೆಗಾರ ಎಪಫ್ರೊದೀತನ ಕಾಯಿಲೆಯ ಬಗ್ಗೆ ಬರೆದಿದ್ದಾನೆ. ಅವನು ಸಾಯುವ ಹಾಗಿದ್ದ, ದೇವರು ಕರುಣಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎನ್ನುತ್ತಾನೆ. ಕಲ್ಲಿನಂತಿದ್ದ ಮನುಷ್ಯನ ಮಾತಲ್ಲ ಅದು.

ಕಾಯುವುದರ ಬಗ್ಗೆ ಅಪೊಸ್ತಲರ ಕೃತ್ಯಗಳು 27 ನನಗೆ ಬಹಳ ಇಷ್ಟ. ಪೌಲನನ್ನು ಕೈದಿಯಾಗಿ ರೋಮ್‌ಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಹಡಗಿನಲ್ಲಿ 276 ಜನ. ಬಹಳ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರವೂ ಕಾಣಲಿಲ್ಲ. ಆ ಕಾಲದ ನಾವಿಕರಿಗೆ ಅವು ಕಾಣದಿದ್ದರೆ ತಾವು ಎಲ್ಲಿದ್ದೇವೆ ಎಂಬುದೇ ತಿಳಿಯದು. ನಿಮ್ಮ ಈ ವಾರ ಅಂಥದ್ದೇ. ಹದಿನಾಲ್ಕನೆಯ ರಾತ್ರಿ ನೆಲ ಹತ್ತಿರವಿದೆ ಎನಿಸಿತು. ಬಂಡೆಗೆ ಬಡಿದೇವೆಂದು ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿ, ಬೆಳಗಾಗಲಿ ಎಂದು ಹಾರೈಸಿದರು. ಮಾಡಲು ಇದ್ದದ್ದು ಅಷ್ಟೇ. ಯಾರೂ ಸಾಯುವುದಿಲ್ಲ ಎಂಬ ಮಾತು ದೇವರಿಂದ ಪೌಲನಿಗೆ ಸಿಕ್ಕಿತ್ತು, ಆದರೆ ಹಡಗು ಹೋಗುತ್ತದೆ ಎಂಬುದೂ ತಿಳಿದಿತ್ತು. ಆಗ ಅವನು ಏನು ಮಾಡಿದ ನೋಡಿ. ಎಲ್ಲರ ಮುಂದೆ ರೊಟ್ಟಿ ತೆಗೆದುಕೊಂಡು, ದೇವರಿಗೆ ಸ್ತೋತ್ರ ಹೇಳಿ, ಮುರಿದು ತಿಂದ. ಊಟ ಬಿಟ್ಟು ಕೂತವರೂ ಅದನ್ನು ನೋಡಿ ತಿಂದರು.

ಹಾಗಾಗಿ ಹೊತ್ತಿಗೆ ಸರಿಯಾಗಿ ತಿನ್ನಿ. ರಾತ್ರಿ ಫೋನಿನಲ್ಲಿ ಕಾಯಿಲೆಗಳ ಬಗ್ಗೆ ಹುಡುಕಬೇಡಿ, ಅದರಲ್ಲಿ ನಿಮ್ಮ ರಿಪೋರ್ಟ್ ಇರುವುದಿಲ್ಲ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದಿಡಿ. ಫಲಿತಾಂಶ ತರುವ ದಿನ ಒಬ್ಬರೇ ಹೋಗಬೇಡಿ, ಜೊತೆಗೆ ಬರುವವರು ಯಾರೆಂದು ಈಗಲೇ ಗೊತ್ತುಮಾಡಿ. ಪ್ರಾರ್ಥಿಸುವಾಗ, ಇದು ಏನೂ ಆಗಿರದಿರಲಿ ಎಂದು ಬಾಯಿತುಂಬ ಕೇಳಿ. ಸಾಧ್ಯವಾದರೆ ಈ ಪಾತ್ರೆ ನನ್ನಿಂದ ಹೋಗಲಿ ಎಂದು ಗೆತ್ಸೇಮನೆಯಲ್ಲಿ ಯೇಸುವೂ ಕೇಳಿದನು, ಒಂದಲ್ಲ, ಮೂರು ಸಲ. ನಿನ್ನ ಚಿತ್ತವೇ ಆಗಲಿ ಎಂಬ ಮಾತಿಗೆ ಅವನು ಬಂದದ್ದು ಕೇಳಿದ ಮೇಲೆ. ನಾನೂ ನಿಮಗಾಗಿ ಕೇಳುತ್ತಿದ್ದೇನೆ.

ಪ್ರಶ್ನೆ: ನನ್ನ ಆಪ್ತ ಗೆಳತಿಯ ಗಂಡ ಅಪಘಾತದಲ್ಲಿ ತೀರಿಕೊಂಡರು. ಏನು ಹೇಳಬೇಕೆಂದು ತಿಳಿಯದೆ ಹೋಗುವುದನ್ನೇ ಮುಂದೂಡುತ್ತಿದ್ದೇನೆ. ಯಾವ ವಚನ ಹೇಳಲಿ? ಅವಳು ಸಭೆಗೆ ಬರುವುದನ್ನೂ ನಿಲ್ಲಿಸಿದ್ದಾಳೆ, ಅದರ ಬಗ್ಗೆ ಮಾತಾಡಲೇ?

ಉತ್ತರ: ನಾಳೆಯೇ ಹೋಗಿ. ವಚನ ಬೇಡ. ಯೋಬನ ಗೆಳೆಯರು ಮಾಡಿದ ಒಂದೇ ಒಳ್ಳೆಯ ಕೆಲಸ ಮೊದಲ ಏಳು ದಿನಗಳದು. ಅವನ ನೋವು ಬಹಳ ಎಂದು ಕಂಡು ನೆಲದ ಮೇಲೆ ಸುಮ್ಮನೆ ಅವನ ಜೊತೆ ಕೂತರು. ಬಾಯಿ ತೆರೆದ ಮೇಲೆಯೇ ಎಲ್ಲ ಕೆಟ್ಟಿತು.

ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕಾಗಿ ಕೂಡಿಬರುತ್ತದೆ ಎಂಬ ರೋಮಾಪುರದವರಿಗೆ 8:28ನ್ನು ದಯವಿಟ್ಟು ನೀವು ಹೇಳಬೇಡಿ. ಅದು ಸತ್ಯವೇ. ನನ್ನನ್ನು ಎಷ್ಟೋ ಸಲ ಎತ್ತಿ ನಿಲ್ಲಿಸಿದ ಮಾತು. ಆದರೆ ಅದನ್ನು ಬರೆದವನು ಹೊಡೆತ, ಸೆರೆ ಎಲ್ಲವನ್ನೂ ತಾನೇ ಅನುಭವಿಸಿದವನು. ನೋವಿನ ಒಳಗಿರುವವರು ತಾವಾಗಿ ಹೇಳಿದರೆ ಅದು ಸಾಕ್ಷಿ. ಹೊರಗಿನಿಂದ ಹೋಗಿ ಹೇಳಿದರೆ, ನಿನ್ನ ಗಂಡ ಸತ್ತದ್ದು ಒಳ್ಳೆಯದಾಯಿತು ಎಂದ ಹಾಗೆ ಕೇಳಿಸುತ್ತದೆ. ಅವರ ಬಗ್ಗೆ ನಿಮಗಿರುವ ನೆನಪು ಯಾವುದಾದರೂ ಇದ್ದರೆ ಅದನ್ನು ಹೇಳಿ. ವಿಧವೆಯಾದವಳಿಗೆ ಗಂಡನ ಹೆಸರನ್ನು ಬೇರೆಯವರ ಬಾಯಿಂದ ಕೇಳುವುದು ಎಷ್ಟು ಬೇಕಾಗಿರುತ್ತದೆ ಎಂದು ನನಗೆ ಗೊತ್ತು. ಜನ ಆ ಹೆಸರನ್ನೇ ತಪ್ಪಿಸಿ ಮಾತಾಡುತ್ತಿದ್ದರು, ನನಗೆ ಹಿಂಸೆ ಆಗಬಾರದೆಂದು. ಅದೇ ದೊಡ್ಡ ಹಿಂಸೆ ಆಗಿತ್ತು.

ಏನಾದರೂ ಬೇಕಿದ್ದರೆ ಹೇಳು ಎನ್ನಬೇಡಿ, ಅವಳು ಹೇಳುವುದಿಲ್ಲ. ಬ್ಯಾಂಕಿಗೆ ಕೊಡಬೇಕಾದ ಕಾಗದಗಳು, ಮರಣ ಪ್ರಮಾಣಪತ್ರದ ಪ್ರತಿಗಳು, ವಿಮೆಯ ಅರ್ಜಿ, ಇವೆಲ್ಲ ಈಗ ಅವಳ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಅರ್ಧ ದಿನ ಬಿಡುವು ಮಾಡಿಕೊಂಡು ಪಕ್ಕದಲ್ಲಿ ಕೂತು ಒಂದೊಂದಾಗಿ ತುಂಬಿಸಿ. ಮೂರು ತಿಂಗಳ ನಂತರ ಬೇರೆ ಯಾರೂ ಬರದಿರುವಾಗ ಮತ್ತೆ ಹೋಗಿ.

ಸಭೆಗೆ ಬಾ ಎಂದು ಈಗಲೇ ಒತ್ತಾಯಿಸಬೇಡಿ. ಗಂಡನ ಜೊತೆ ಕೂರುತ್ತಿದ್ದ ಜಾಗದಲ್ಲಿ ಒಬ್ಬಳೇ ಕೂರುವುದು ಅವಳಿಗೆ ಕಷ್ಟ. "ಈ ಭಾನುವಾರ ನಾನು ಮನೆಗೆ ಬಂದು ಕರೆದುಕೊಂಡು ಹೋಗಲೇ? ಹಿಂದಿನ ಸಾಲಿನಲ್ಲಿ ಕೂರೋಣ, ಸಾಕು ಅನ್ನಿಸಿದರೆ ನಡುವೆಯೇ ಎದ್ದು ಬರೋಣ" ಎಂದು ಕೇಳಿ. ಬೇಡ ಎಂದರೆ ಮುಂದಿನ ವಾರ ಮತ್ತೆ ಕೇಳಿ.